ಪೂರ್ಣ ಗುಣ ಎಂದು ಬರೆದವಳು

ಕಲಬುರಗಿ
೧೧ ಫೆಬ್ರುವರಿ ೨೦೨೫

ಶಹಾಬಾದದ ಜೈತುನ್ಬೀ ಅಕ್ಕಾರಿಗೆ ಡಾಕ್ಟರ್ ಸಂಘಮಿತ್ರಾಳ ಸಲಾಂ.

ಈ ಪತ್ರವನ್ನು ನಿಮ್ಮ ಮಗಳು ಮಹೆಕ್ ಓದಿ ಹೇಳಲಿ. ಮೊದಲು ನೀವೊಬ್ಬರೇ ಕೇಳಿರಿ. ಆಮೇಲೆ ನಿಮ್ಮ ಯಜಮಾನರಿಗೆ ಹೇಳುವುದೋ ಬಿಡುವುದೋ ನಿಮಗೆ ಸೇರಿದ್ದು.

ಮೆದುಳಿಗೆ ಪೆಟ್ಟು ಬಿದ್ದವರನ್ನು ನೋಡುವ ಡಾಕ್ಟರುಗಳ ಸಂಘಕ್ಕೆ ನಾನು ಎರಡು ವರ್ಷದಿಂದ ಅಧ್ಯಕ್ಷೆ. ಅಲ್ಲಿಗೆ ರೋಗಿಗಳು ಬರುವುದಿಲ್ಲ. ರೋಗಿಗಳನ್ನು ಹೇಗೆ ನೋಡಬೇಕೆಂಬ ನಿಯಮ ಬರೆಯುತ್ತೇವೆ. ಹೋದ ತಿಂಗಳು ನೀವು ಯಜಮಾನರನ್ನು ಕರೆದುಕೊಂಡು ನನ್ನ ಆಸ್ಪತ್ರೆಗೆ ಬಂದಾಗ ನನ್ನ ಮೇಜಿನ ಮೇಲಿದ್ದದ್ದು ಅಂಥದೇ ಒಂದು ಕರಡು. ತಲೆಗೆ ಪೆಟ್ಟಾದರೂ ಸ್ಕ್ಯಾನ್ ಸರಿಯಿದ್ದವರನ್ನು ಮತ್ತೆ ಕರೆಯಬೇಕಿಲ್ಲ ಎಂದು ಅದರಲ್ಲಿತ್ತು. ಬರೆದವಳು ನಾನೇ.

ನೀವು ಅದರ ಮೇಲೆಯೇ ನಿಮ್ಮ ಹಳೆಯ ಕಾಗದ ಇಟ್ಟಿರಿ. ಒಂಬತ್ತು ವರ್ಷದ ಹಿಂದೆ ನಿಮ್ಮ ಯಜಮಾನರು ಮಶಾಕ ಅವರು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಲಾರಿಯಿಂದ ಬಿದ್ದಾಗ ಕೊಟ್ಟದ್ದು. ಪೂರ್ಣ ಗುಣವಾಗಿದೆ, ಕೆಲಸಕ್ಕೆ ಹೋಗಬಹುದು ಎಂದಿತ್ತು. ಕೆಳಗೆ ನನ್ನ ರುಜು.

ನೀವು ಅಳಲಿಲ್ಲ, ಬೈಯಲಿಲ್ಲ. ಅವರು ನಮಾಜಿಗೆ ಹೋದವರು ಮನೆಯ ದಾರಿ ಮರೆತು ವಾಡಿ ಸ್ಟೇಷನ್ನಿನಲ್ಲಿ ಸಂಜೆತನಕ ಕೂತದ್ದನ್ನು ಹೇಳಿದಿರಿ. ಪಾತ್ರೆ ಸಪ್ಪಳಾದರೆ ಊಟದ ಗಂಗಾಳ ಎತ್ತಿ ಗೋಡೆಗೆ ಒಗೆಯುವುದನ್ನು ಹೇಳಿದಿರಿ. ಅವರ ಅಣ್ಣ ಈ ಕಾಗದ ತೋರಿಸಿ, “ಡಾಕ್ಟರೇ ಬರದಾರ, ಆರಾಮ ಆಗ್ಯಾನ. ಇಂವಾ ಕೆಲಸ ತಪ್ಪಸಲಿಕ್ಕ ನಾಟಕ ಮಾಡಾಕತ್ತಾನ” ಎಂದು ಓಣಿಗೆಲ್ಲ ಸಾರಿದ್ದನ್ನೂ ಹೇಳಿದಿರಿ. ಕೊನೆಗೆ, “ನಿಮ್ಮ ಕಾಗದ ನಮ್ಮ ಮನ್ಯಾಗ ಒಂಬತ್ತು ವರ್ಷ ಸುಳ್ಳ ಹೇಳೇದರಿ” ಎಂದಿರಿ.

ಅವತ್ತೇ ಮಶಾಕ ಅವರನ್ನು ಪರೀಕ್ಷೆ ಮಾಡಿದೆ. ಐದು ಶಬ್ದ ಹೇಳಿ, ಹತ್ತು ನಿಮಿಷ ಬಿಟ್ಟು ಕೇಳಿದೆ. ಒಂದೇ ನೆನಪಿತ್ತು. “ಮಾಫ್ ಮಾಡ್ರಿ ಮೇಡಂ, ನಿಮಗ ಭಾಳ ತ್ರಾಸ ಕೊಟ್ಟೆ” ಎಂದರು. ನಾನು ಚೀಟಿ ಬರೆಯುತ್ತ ಕೂತೆ.

ಎರಡು ವಾರದ ಮೇಲೆ ಸಂಘದ ಸಭೆ. ಹಿಂದಿನ ದಿನ, ಕಾಗದದ ವಿಷಯ ತಿಳಿದ ನನ್ನ ಗುರುಗಳಾದ ಡಾಕ್ಟರ್ ಖಂಡಪ್ಪನವರು ಫೋನು ಮಾಡಿ, “ಅಧ್ಯಕ್ಷರೇ ತಪ್ಪು ಒಪ್ಪಿಕೊಂಡ್ರ ಸಂಘದ ಮಾತು ಯಾರು ಕೇಳ್ತಾರವಾ? ನಿಯಮ ಬದಲಿ ಮಾಡು, ಕಾಗದ ತೋರಸಬ್ಯಾಡ” ಎಂದರು. ಅವರ ಮಾತು ನಾನು ಮೀರಿದ್ದು ಅದೇ ಮೊದಲು. ನಿಮ್ಮ ಒಪ್ಪಿಗೆಯಂತೆ, ಹೆಸರು ಮುಚ್ಚಿ, ಕಾಗದವನ್ನು ಓದಿದೆ. ರೋಗಿಯನ್ನು ಐದು ನಿಮಿಷ ನೋಡಿ ಹೀಗೆ ಬರೆದವಳು ನಾನೇ ಎಂದೆ. ನನ್ನ ಕರಡನ್ನು ಹಿಂದಕ್ಕೆ ತೆಗೆದುಕೊಂಡು ಹೊಸದನ್ನು ಮುಂದಿಟ್ಟೆ: ಪೆಟ್ಟಾದವರನ್ನು ಒಂದು ವರ್ಷ ಕರೆದು ನೋಡಬೇಕು, ಮನೆಯವರನ್ನು ಬೇರೆ ಕೂರಿಸಿ ಕೇಳಬೇಕು. ಕೈ ಎತ್ತಿದವರು ನಲವತ್ತೊಂದು, ಬೇಡವೆಂದವರೂ ನಲವತ್ತೊಂದು. ಅಧ್ಯಕ್ಷೆಯ ಮತದಿಂದ ನಿಯಮ ಪಾಸಾಯಿತು. ಖಂಡಪ್ಪನವರು ಊಟಕ್ಕೆ ನಿಲ್ಲದೆ ಹೋದರು.

ಇದರೊಂದಿಗೆ ಹೊಸ ಕಾಗದ ಇಟ್ಟಿದ್ದೇನೆ. ಮಶಾಕ ಅವರದು ನಾಟಕವಲ್ಲ, ಪೆಟ್ಟಿನ ಪರಿಣಾಮ. ಮೊದಲಿನ ಕಾಗದ ತಪ್ಪು ಎಂದು ಬರೆದಿದ್ದೇನೆ. ನಿಮ್ಮ ಭಾವನವರಿಗೆ ತೋರಿಸಿರಿ. ಯಜಮಾನರು ಮೊದಲಿನಂತೆ ಆಗುತ್ತಾರೆಂದು ಹೇಳಲಾರೆ. ಸಿಟ್ಟು ಕಡಿಮೆಯಾದೀತು, ದಾರಿ ತಪ್ಪದಂತೆ ರೂಢಿ ಮಾಡಿಸಬಹುದು. ಗುರುವಾರ ಕರೆದುಕೊಂಡು ಬರ್ರಿ.

ನಿಮ್ಮ
ಸಂಘಮಿತ್ರಾ

ತಾ.ಕ.: ಐದು ನಿಮಿಷ ನೋಡಿದೆ ಎಂದು ಸಭೆಗೆ ಹೇಳಿದ್ದೂ ಸುಳ್ಳು. ಆ ಹಳೆಯ ಕಾಗದ ಕೊಟ್ಟ ದಿನ ಹೈದರಾಬಾದಿಗೆ ಹೊರಟಿದ್ದೆ. ಕಿರಿಯ ಡಾಕ್ಟರು ತಂದ ಕಾಗದಗಳಿಗೆ ಕಾರಿನ ಬಾಗಿಲಲ್ಲಿ ನಿಂತು, ಓದದೆ ರುಜು ಹಾಕಿದೆ. ಸಂಘಕ್ಕೂ ಇದನ್ನು ಬರೆದು, ಅಧ್ಯಕ್ಷಗಿರಿಗೆ ರಾಜೀನಾಮೆ ಕಳಿಸುತ್ತಿದ್ದೇನೆ; ಆದರೆ ಮೊದಲು ನಿಮಗೆ ತಿಳಿಯಬೇಕು. ಮಶಾಕ ಅವರ ಮುಖವನ್ನು ನಾನು ಮೊದಲ ಸಲ ಕಂಡದ್ದು ಹೋದ ತಿಂಗಳು, ನೀವು ಕರೆತಂದಾಗ.