ಲೆಕ್ಕದ ಆಟದಲ್ಲಿ ಮಗಳ ಧ್ವನಿ

ಬಿಟಿಎಂ ಲೇಔಟ್, ಸಂಜೆ ಐದೂವರೆ

ಅಕ್ಕಾ,

ಇಂದು ಜಯನಗರದ ಶಾಲೆಯೊಂದರಲ್ಲಿ ಮುಕ್ತ ತಂತ್ರಾಂಶದ ಮೇಳವಿತ್ತು. ನಮ್ಮ ಮಗಳು ತೀರಿಕೊಳ್ಳುವ ಮುಂಚೆ ಮಾಡಿಟ್ಟ ಲೆಕ್ಕದ ಆಟವನ್ನು ಮಕ್ಕಳು ಕಂಪ್ಯೂಟರಿನಲ್ಲಿ ಆಡಿದರು. ಉತ್ತರ ಸರಿಯಾದಾಗಲೆಲ್ಲ ಅವಳದೇ ಧ್ವನಿ, ನಮ್ಮ ಕಡೆಯ ಮಾತಿನಲ್ಲಿ: “ಭಾಳ ಶಾಣ್ಯಾ ಅದಿ ನೋಡು!” ಬೆಂಗಳೂರಿನ ಮಕ್ಕಳು ನಕ್ಕು ನಕ್ಕು ಅದನ್ನೇ ಕೂಗುತ್ತಿದ್ದರು.

ಪೇಪರಿನ ವರದಿಗಾರ ಬಂದ. “ಸ್ವಯಂಸೇವಕರು ಮಾಡಿದ್ದು ಅಂತ ಬರ್ಕೊಂಡಿದೀನಿ, ಸಾಕಲ್ವಾ ಆಂಟಿ?” ಎಂದ.

“ಸಾಲಂಗಿಲ್ಲ ತಮ್ಮಾ. ಮಾಡಿದಾಕಿ ನನ್ನ ಮಗಳು, ಶೈಲಶ್ರೀ ಅಂತ ಬರಿ,” ಎಂದೆ.

ಬರೆದುಕೊಂಡ. ಇಣುಕಿ ನೋಡಿದೆ, ಸರಿಯಾಗಿತ್ತು.

ಮೊಣಕಾಲು ನೋವು ಕಡಿಮೆಯಾಗಿದೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು. ನಿನಗೂ ಒಂದು ಪ್ರತಿ ತೆಗೆದಿಡಲು ಅಂಗಡಿಯಲ್ಲಿ ಹೇಳಿದ್ದೇನೆ. ಪೇಪರು ನಾಳೆ ಬೆಳಿಗ್ಗೆ ಆರಕ್ಕೆ ಬರುತ್ತದೆ.

ತಂಗೆವ್ವ