ಮುಂದಿನ ಸೀಟಿನ ಕೆಳಗಿನ ತಗಡು

ಗೋರೆಗಾಂವ್
ಸೋಮವಾರ, ೪ ಆಗಸ್ಟ್ ೨೦೨೫

ಕಸ್ತೂರಿ ಅಕ್ಕಾ,

ಗ್ಯಾರೇಜಿನ ಸ್ಟೂಲಿನ ಮ್ಯಾಲ ಕುಂತು ನಿನ್ನ ತಮ್ಮ ದಾನಪ್ಪ ಮಾಡೂ ನಮಸ್ಕಾರ.

ಪಂಚಮಿಗೆ ಕಳಿಸಿದ ಉಂಡಿ ಡಬ್ಬಿ ಮುಟ್ಟಿತು. ಇನ್ನ ಮ್ಯಾಲ ನನಗ ದಿಕ್ಕು ಅಂತ ಇದ್ರ ನೀನೊಬ್ಬನೇ ಅಂತ ಫೋನಿನ್ಯಾಗ ಅಂದಿ ನೋಡು, ಅದೂ ಮುಟ್ಟಿತು. ಡಬ್ಬಿ ತಗದು ನೋಡಿ ಮತ್ತ ಮುಚ್ಚಿಟ್ಟೆ. ಫೋನ್ ಮಾಡಿ ಹೇಳೋಣಂದ್ರ ನಿನ್ನ ದನಿ ಕೇಳಿದ ಕೂಡಲೇ ಬಾಯಿ ಕಟ್ಟಿಬಿಡ್ತದ. ಅದಕ್ಕ ಬರೀತೀನಿ. ನಿನ್ನ ಮಗಳು ಸಪ್ನಾಗ ಕನ್ನಡ ಓದಾಕ ಬರೂದಿಲ್ಲ, ಅದೂ ಚಲೋನೇ ಆತು. ನೀನೊಬ್ಬಾಕಿನೇ ಓದು.

ಜೂನ್‌ದಾಗ ಸಪ್ನಾನ ಪಾದಾ ಹೋದ ದಿನ, ನಿನ್ನ ಗಂಡ ಗುರುಪಾದ ಮಾಮಾ ದವಾಖಾನ್ಯಾಗ ಏನಂದ್ರು? ವ್ಯಾನಿನ ನೆಲಾ ತುಕ್ಕು ತಿಂದಿತ್ತು, ದಾನಪ್ಪನ ಕಡೆ ಹೋಗಲಿಲ್ಲ, ರಸ್ತೆದಾಗ ಯಾವನೋ ಒಬ್ಬನ ಕಡೆ ತಗಡು ಹಚ್ಚಿಸಿದೆ ಅಂದ್ರು. ಎಲ್ಲಾರ ಮುಂದ ಅವರ ಕಪಾಳಕ್ಕ ಹೊಡದಿ. ನನ್ನ ತಮ್ಮ ಗ್ಯಾರೇಜ್ ಇಟಗೊಂಡು ಕುಂತಾಗ ಹಾದಿಬೀದಿಯವನ ಕಡೆ ಯಾಕ ಹೋದಿ, ಮಗಳನ್ನ ಕುಂಟಿ ಮಾಡಿದೆಲ್ಲಾ ಅಂತ ಬೈದಿ. ಸಾಂತಾಕ್ರೂಜಿನ ಖೋಲಿಯಿಂದ ಅವರ ಅರಿವಿ ಹೊರಗ ಒಗದಿ. ನಾ ಅಲ್ಲೇ ಗ್ವಾಡಿಗೆ ಆತು ನಿಂತು ನೋಡಿದೆ.

ರಸ್ತೆದಾಗ ಯಾವನೂ ಇಲ್ಲ ಅಕ್ಕಾ. ಆ ತಗಡು ಹಚ್ಚಿದವ ನಾನು.

ಮೇ ತಿಂಗಳದಾಗ ಮಾಮಾ ವ್ಯಾನ್ ತಂದಿದ್ರು. ಮುಂದಿನ ಸೀಟಿನವರು ಕಾಲಿಡೂ ಜಾಗಾದಾಗ ಸ್ಕ್ರೂಡ್ರೈವರ್ ಒತ್ತಿದ್ರ ಹಿಡಿ ತನಕ ಒಳಗ ಹೋತು. ಏನು ಮಾಡಬೇಕು ಅನ್ನೂದು ನನಗೇನು ಗೊತ್ತಿಲ್ಲೇನು? ಹದಿನೆಂಟು ವರ್ಷ ಇದೇ ಕೆಲಸ ಮಾಡೀನಿ. ಗಟ್ಟಿ ಕಬ್ಬಣ ಸಿಗೂತನಕ ತುಕ್ಕು ಕತ್ತರಿಸಿ ತಗೀಬೇಕು, ಆಮ್ಯಾಲ ಹೊಸ ತಗಡು ಇಟ್ಟು ಸುತ್ತಲೂ ವೆಲ್ಡ್ ಮಾಡಬೇಕು. ಎರಡು ದಿನದ ಕೆಲಸ. ಆದ್ರ ಮನಿ ಮಂದಿ ಗಾಡಿ ಅಂದ್ರ ನಮ್ಮಲ್ಲಿ ಯಾವಾಗಲೂ ಕಡೀಗೆ. ಗಿರಾಕಿ ಬೈತಾನ, ಮನಿಯವ್ರು ಚಹಾ ಕುಡಕೋತ ಕಾಯ್ತಾರ. ಅವತ್ತು ಬಾಂದ್ರಾದ ಸಾಹೇಬನ ಗಾಡಿ ನಿಂತಿತ್ತು. ತುಕ್ಕಿನ ಮ್ಯಾಲೇ ತಗಡು ಇಟ್ಟು, ನಾಕು ಮೂಲಿಗಷ್ಟೇ ವೆಲ್ಡ್ ಹೊಡದು, ಡಾಂಬರ್ ಬಳದು ಮ್ಯಾಟ್ ಹಾಸಿಬಿಟ್ಟೆ. ಅದು ಮಾರೂ ಗಾಡಿಗೆ ಮಾಡೂ ಕೆಲಸ, ಮಂದಿ ಕೂಡೂ ಗಾಡಿಗೆ ಅಲ್ಲ.

ಮಾಮಾಗ ಮಾತ್ರ ಹೇಳಿದ್ದೆ, ಇದು ಸದ್ಯಕ್ಕಷ್ಟೇ, ಮಳಿಗಾಲ ಮುಗಿಯೂತನಕ ಆ ಸೀಟಿನ್ಯಾಗ ಯಾರನ್ನೂ ಕೂಡಿಸಬ್ಯಾಡ್ರಿ ಅಂತ. ಅವರು ಮರತಿರಬೇಕು. ಹೈವೇದಾಗ ನೀರು ತುಂಬಿದ ತೆಗ್ಗಿಗೆ ವ್ಯಾನ್ ಬಿತ್ತು, ತಗಡು ಕಿತ್ತು ಹೋತು, ಹುಡುಗಿ ಕಾಲು ಸೀದಾ ಓಡೂ ರಸ್ತೆಗೆ ಇಳೀತು. ಮುಂದಿಂದು ನೀನೇ ನೋಡೀದಿ.

ದವಾಖಾನಿ ಹೊರಗ ಮಾಮಾನ ಕಾಲು ಹಿಡಕೊಂಡೆ. ಅವರು ಎಬ್ಬಿಸಿ ನಿಲ್ಲಿಸಿ, ಸುಮ್ಮನಿರು ಮಾರಾಯಾ, ನನ್ನ ಮ್ಯಾಲಿನ ಸಿಟ್ಟು ನಾಕು ದಿನಕ್ಕ ಇಳೀತದ, ನಿನ್ನ ಬಿಟ್ರ ಅಕಿಗೆ ತವರಮನಿ ಅನ್ನೂದೇ ಇರೂದಿಲ್ಲ ಅಂದ್ರು. ನಾಕು ದಿನ ಅಂದದ್ದು ಎರಡು ತಿಂಗಳಾತು. ನನ್ನ ಗ್ಯಾರೇಜಿನ ಮಾಳಿಗಿ ಮ್ಯಾಲ ಮಲಗ್ತಾರ. ಸರಿಯಾಗಿ ಉಣ್ಣೂದಿಲ್ಲ, ಕೆಮ್ಮು ಬಿಟ್ಟಿಲ್ಲ. ಪ್ರತಿ ಐತವಾರ ಲೋಕಲ್ ಹಿಡದು ಬಂದು ನಿಮ್ಮ ಚಾಳಿನ ಎದುರಿಗೆ ನಿಂತು, ಸಪ್ನಾ ಬಗಲಾಗ ಕುಬಡಿ ಊರಿ ನಡೆಯೂದನ್ನ ನೋಡಿ ವಾಪಸ್ ಬರ್ತಾರ. ನನ್ನ ಜೀವಾ ಸುಡ್ತದ ಅಕ್ಕಾ.

ಅವರನ್ನ ಮನಿಗೆ ಕರಕೋ. ನನಗ ಬಾಗಲಾ ಹಾಕು, ಬೇಕಂದ್ರ ಪೋಲೀಸರ ಕಡೆ ಹೋಗು, ನಾ ಇಲ್ಲೇ ಇರ್ತೀನಿ.

ತಮ್ಮ ಅಂತ ಬರಕೊಳ್ಳಾಕ ನಾಚಿಕಿ ಬರೂ
ದಾನಪ್ಪ

ತಾ.ಕ.: ಲಕೋಟಿ ಅಂಟಿಸಿ ಮತ್ತ ಹರದೆ. ಇಷ್ಟೆಲ್ಲಾ ಬರದೂ ಮ್ಯಾಲ ಒಂದು ಸುಳ್ಳು ಇಟ್ಟೀನಿ. ಮಾಮಾಗ ನಾ ಏನೂ ಹೇಳಿರಲಿಲ್ಲ. ಮೇದಾಗ ವ್ಯಾನ್ ತಂದಾಗ ಅವರ ಜೋಡಿ ಸಪ್ನಾನೂ ಬಂದಿದ್ಲು; ಅಪ್ಪ ಬ್ಯಾಡಂದದ್ದಕ್ಕ ಅಕೀನೂ ನಿನಗ ಹೇಳಿಲ್ಲ. ಸ್ಕ್ರೂಡ್ರೈವರ್ ಒಳಗ ಹೋದದ್ದು ನೋಡಿದ್ಲು, ಹೊಂಡಾಗ ಮುಂದ ಕೂಡಾಕ ಅಂಜಿ ಹಿಂದಿನ ಬಾಗಲಾ ತಗದಿದ್ಲು. ಗಟ್ಟಿ ಇದ್ದ ಅಂಚಿನ ಮ್ಯಾಲ ಕಾಲು ಬಡದು ತೋರಿಸಿ, ಇನ್ನ ಆನಿ ನಿಂತರೂ ಏನೂ ಆಗೂದಿಲ್ಲ ಅಂತ ನಕ್ಕು, ಕೈ ಹಿಡದು ಅಕಿನ್ನ ಮುಂದಿನ ಸೀಟಿಗೆ ಕೂಡಿಸಿದವ ನಾನೇ.