ವಕೀಲರ ಮನೆಯ ಲಕ್ಷ್ಮಿ

ನನ್ನ ಯಜಮಾನರಿಗೆ,

ನೀವು ಹೋಗಿ ಒಂದೂವರೆ ವರ್ಷವಾಯಿತು. ಬದುಕಿದ್ದಾಗ ನಿಮಗೆ ಎದುರು ಮಾತಾಡಿದವಳಲ್ಲ. ಇವತ್ತು ಆಡುತ್ತೇನೆ, ಕೇಳಿಸಿಕೊಳ್ಳಿ.

ಆ ಬೇಸಗೆ ನೆನಪಿದೆಯೇ? ಪ್ಲೇಗು ಕಳೆದ ಮೇಲೆ ಬಸವನಗುಡಿಯಲ್ಲಿ ಹೊಸ ಮನೆ ಕಟ್ಟಿಸಿದ ವಕೀಲರು ಲಕ್ಷ್ಮಿಯ ಪಟ ಬರೆದುಕೊಡಿ ಎಂದಿದ್ದರು. ನೀವು ನನ್ನನ್ನು ಹಿತ್ತಿಲ ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ, ತಾವರೆಯ ಬದಲು ಕೈಗೆ ಸೌಟು ಕೊಟ್ಟಿರಿ. "ಅಲ್ಲಾಡ್ಬೇಡ ಕಣೇ, ಮೂಗು ಕೆಡುತ್ತೆ" ಅಂದಿರಿ. ಒಲೆಯ ಮೇಲೆ ಸಾರು ಉಕ್ಕಿದರೂ ನಾನು ಕದಲಲಿಲ್ಲ. ನನ್ನ ಗಲ್ಲದ ಮಚ್ಚೆಯನ್ನೂ ಬಿಡದೆ ಬರೆದಿರಿ. ನನಗೆ ನಾಚಿಕೆ, ಒಳಗೊಳಗೇ ಹಿಗ್ಗು.

ಪಟ ಒಪ್ಪಿಸಿದ ದಿನ ವಕೀಲರ ಹೆಂಡತಿ ಕೈಮುಗಿದು, "ಇಂಥಾ ಕಳೆ ಎಲ್ಲಿಂದ ಬಂತು?" ಎಂದು ಕೇಳಿದರು. ನೀವು ಕಣ್ಣು ಮುಚ್ಚಿ, "ಕನಸಲ್ಲಿ ಬಂದ್ಲು ತಾಯಿ" ಅಂದಿರಿ. ನಾನು ಸೆರಗು ಹೊದ್ದು ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ಯಾರೂ ತಿರುಗಿ ನೋಡಲಿಲ್ಲ. ಯಾಕೆ ಹಾಗಂದಿರಿ? ಹೆಂಡತಿಯ ಮುಖ ಅಂದಿದ್ದರೆ ದೇವರ ಮಾನ ಹೋಗುತ್ತಿತ್ತೇ, ಇಲ್ಲ ನಿಮ್ಮದು...

ನೀವು ಹೋದ ಹತ್ತನೇ ದಿನ ನನ್ನ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಹೊಟ್ಟೆಪಾಡಿಗೆ ಅದೇ ವಕೀಲರ ಮನೆಯಲ್ಲಿ ಅಡುಗೆಗೆ ನಿಂತೆ. ನಾನು ತಟ್ಟಿದ ಹೋಳಿಗೆ ಅವರಿಗೆ ಆಗುತ್ತದೆ, ನಾನು ಆಗುವುದಿಲ್ಲ.

ಹೋದ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಪಟವನ್ನೊಮ್ಮೆ ನೋಡೋಣವೆಂದು ನಡುಮನೆಯ ಹೊಸ್ತಿಲಿಗೆ ಬಂದೆ. "ಆರತಿ ಹೊತ್ತು, ಎದುರಿಗೆ ಬರ್ಬೇಡಿ, ಒಳಗಡೆ ಇರಿ" ಅಂದರು ವಕೀಲರ ಹೆಂಡತಿ. ಎದುರಿಗೆ ಯಾರಿದ್ದರು ಗೊತ್ತೇ? ನಾನೇ ಇದ್ದೆ. ಹಣೆ ತುಂಬ ಕುಂಕುಮ, ಕೊರಳ ತುಂಬ ಹೂವು. ನನಗೆ ಮೈಯೆಲ್ಲ ಉರಿದುಹೋಯಿತು. "ಅದು ನನ್ನ ಮುಖ ಕಣಮ್ಮ. ಗಲ್ಲ ನೋಡಿ" ಅಂದೆ. ಆಕೆ ಪಟ ನೋಡಿದರು, ನನ್ನನ್ನು ನೋಡಿದರು. ತಟ್ಟೆ ಕೆಳಗಿಟ್ಟುಬಿಟ್ಟರು.

"ಮುಂಡೆ ಮುಖಕ್ಕೆ ಪೂಜೆ ಮಾಡಿಸ್ಬಿಟ್ರಲ್ಲ" ಎಂದು ಅತ್ತರಂತೆ. ಮರುದಿನ ಪಟ ಹಳೇ ಪಂಚೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂತು. ನನ್ನ ಕೆಲಸವೂ ಹೋಯಿತು. ನೀವು ಬರೆದ ಲಕ್ಷ್ಮಿಯೂ ವಿಧವೆಯಾದಳು, ನೋಡಿ. ನಿಮ್ಮ ಒಂದು ಸುಳ್ಳಿನಿಂದ ಅಷ್ಟು ವರ್ಷ ಮುತ್ತೈದೆಯಾಗಿದ್ದಳು, ಅಷ್ಟೇ.

ನಿಮ್ಮ ಅಣ್ಣ, "ಕೆರೆಗೆ ಬಿಟ್ಬಿಡು, ಮನೇಲಿಟ್ಕೋಬಾರ್ದು" ಅಂದರು. ಬಿಡಲಿಲ್ಲ. ನಡುಮನೆಯ ಗೋಡೆಗೆ ನಾನೇ ಮೊಳೆ ಹೊಡೆದು ತೂಗುಹಾಕಿದ್ದೇನೆ. ಇವತ್ತು ಶುಕ್ರವಾರ. ಚಾಮರಾಜಪೇಟೆಯ ಇಡೀ ಬೀದಿ ನೋಡಲಿ. ಬಾಗಿಲು ತೆಗೆದಿಟ್ಟೇ ನಾನು ಆರತಿ ಎತ್ತುತ್ತೇನೆ.